‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು’: ಈ ವಚನ ಕ್ಲಾಸಲ್ಲಿ ಹೇಗೆ ಓದೋದು?

ತುಂಗೆಯ_ದಡ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಕನ್ನಡ ಪಾಠ ಮಾಡ್ತೀನಿ, ಸೇರಿ ಮೂರು ವರ್ಷ ಆಯ್ತು. ಹೋದ ವಾರ ಬಿಎಸ್ಸಿ ಮಕ್ಕಳಿಗೆ ಜೇಡರ ದಾಸಿಮಯ್ಯನ ವಚನ ಇತ್ತು, ನಿಮಗೆಲ್ಲ ಗೊತ್ತಿರೋದೇ, ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ. ಹಿಂದಿನ ದಿನ ಮನೇಲಿ ನಾಲ್ಕು ಸಲ ಗಟ್ಟಿಯಾಗಿ ಓದ್ಕೊಂಡು ಹೋಗಿದ್ದೆ. ಆದ್ರೆ ಕ್ಲಾಸಲ್ಲಿ ಮೊದಲನೇ ಪದಕ್ಕೇ ಹಿಂದಿನ ಬೆಂಚಲ್ಲಿ ನಗು ಶುರುವಾಯ್ತು, ಮುಂದೆ ಕೂತಿದ್ದ ಹುಡುಗಿ ಒಬ್ಬಳು ತಲೆ ತಗ್ಗಿಸಿ ವೇಲ್ ಸರಿ ಮಾಡ್ಕೊಂಡಳು, ನನಗೆ ಆ ವೇಲ್ ಸರಿ ಮಾಡ್ಕೊಂಡಿದ್ದು ಕಣ್ಣಿಂದ ಹೋಗ್ತಾನೇ ಇಲ್ಲ. ನಾನು ಬೇಗ ಬೇಗ ಓದಿ, ಆತ್ಮಕ್ಕೆ ಲಿಂಗಭೇದ ಇಲ್ಲ ಅಂತ ವಚನಕಾರರು ಹೇಳಿದ್ದಾರೆ ಅಂತ ನೋಟ್ಸ್ ಬರೆಸಿ ಮುಗಿಸಿಬಿಟ್ಟೆ. ಸ್ಟಾಫ್ ರೂಮಲ್ಲಿ ಹಿರಿಯರೊಬ್ಬರು, ಮುಂದಿನ ಸಲ ಆ ಪದ ಬಿಟ್ಟು ‘ಸ್ತ್ರೀಲಕ್ಷಣ’ ಅಂತ ಹೇಳಮ್ಮ, ಸುಮ್ಮನೆ ರಗಳೆ ಯಾಕೆ ಅಂದ್ರು.

ಮನೆಗೆ ಬಂದ ಮೇಲೆ ಅನ್ನಿಸಿದ್ದು, ಆ ಪದ ಬಿಟ್ಟರೆ ವಚನದಲ್ಲಿ ಉಳಿಯೋದು ಏನು? ಅವನು ದೇಹದಿಂದ ಶುರು ಮಾಡಿದ್ದಾನೆ, ನಾನು ದೇಹ ದಾಟಿ ಓಡಿಹೋಗಿ ಆತ್ಮದ ಹತ್ರ ನಿಂತ್ಕೊಂಡೆ. ನಾಡಿದ್ದು ಸೋಮವಾರ ಮತ್ತೆ ಅದೇ ಕ್ಲಾಸ್ ಇದೆ, ಈ ವಚನ ಮತ್ತೆ ತಗೋಬೇಕು ಅಂತ ನಿರ್ಧಾರ ಮಾಡಿದ್ದೀನಿ. ಹೆಣ್ಣು ಗಂಡು ದೇಹ ಕಾಮ ಇವುಗಳ ಬಗ್ಗೆ ನಮ್ಮ ಸಾಹಿತ್ಯ ನಿಜವಾಗ್ಲೂ ಏನು ಹೇಳಿದೆ, ಇದರ ಜೊತೆಗೆ ಯಾವುದನ್ನ ಇಟ್ಟು ಓದಬಹುದು, ಪಾಠ ಮಾಡೋರು ಮಾತ್ರ ಅಲ್ಲ ಓದೋರು ಯಾರಾದ್ರೂ ಹೇಳಿ, ಪರೀಕ್ಷೆ ನೋಟ್ಸ್ ಥರ ಬೇಡ, ನಿಮಗೆ ಏನಾಯ್ತು ಅದನ್ನ ಹೇಳಿ.

ಹಳೇ_ಅಟ್ಟ ಬರೆದದ್ದು:

ಮೇಡಂ, ಮೈಸೂರಿಂದ ಬರೀತಿದ್ದೀನಿ, ಮೇಷ್ಟ್ರ ಕೆಲಸದಿಂದ ರಿಟೈರ್ ಆಗಿ ಆರು ವರ್ಷ. ನೀವು ಕೇಳಿದ್ದು ನೋಡಿ ಬಹಳ ಖುಷಿ ಆಯ್ತು ಕಣಮ್ಮ, ಯಾಕಂದ್ರೆ ನಾನೂ ಎಷ್ಟೋ ವರ್ಷ ನಿಮ್ಮ ಥರಾನೇ ಓಡಿಹೋಗಿ ಆತ್ಮದ ಹತ್ರ ನಿಂತವನು.

ಒಂದು ಕೆಲಸ ಮಾಡಿ. ದಾಸಿಮಯ್ಯನ ವಚನದ ಪಕ್ಕದಲ್ಲಿ ಗೊಗ್ಗವ್ವೆಯದನ್ನ ಬರೀರಿ. ಧೂಪದ ಗೊಗ್ಗವ್ವೆ, ಅಂಕಿತ ನಾಸ್ತಿನಾಥ. ಅವಳೂ ಮೊಲೆ ಮುಡಿ ಬಂದಡೆ ಹೆಣ್ಣೆಂಬರು ಅಂತಲೇ ಶುರು ಮಾಡ್ತಾಳೆ, ಮೀಸೆ ಕಾಸೆ ಬಂದಡೆ ಗಂಡೆಂಬರು ಅಂತಾಳೆ, ಆದ್ರೆ ಕೊನೆಗೆ ಈ ಉಭಯದ ಜ್ಞಾನ ಹೆಣ್ಣೊ ಗಂಡೊ ನಾಸ್ತಿನಾಥಾ ಅಂತ ದೇವರನ್ನೇ ಕೇಳ್ತಾಳೆ. ದಾಸಿಮಯ್ಯ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂತ ಉತ್ತರ ಕೊಟ್ಟು ಎದ್ದುಬಿಟ್ಟ, ಇವಳು ಪ್ರಶ್ನೆ ಇಟ್ಟು ಅಲ್ಲೇ ಕೂತಳು. ಸಾಲು ಹೆಚ್ಚುಕಮ್ಮಿ ಒಂದೇ, ಕೂತಿರೋ ಜಾಗ ಬೇರೆ. ಇವಳದ್ದೇ ಇನ್ನೊಂದು ವಚನ ಇದೆ, ಗಂಡು ಮೋಹಿಸಿ ಹೆಣ್ಣನ್ನ ಹಿಡಿದರೆ ಅದು ಒಬ್ಬರ ಒಡವೆ ಅಂತ ಅರಿಯಬೇಕು, ಹೆಣ್ಣು ಮೋಹಿಸಿ ಗಂಡನ್ನ ಹಿಡಿದಡೆ ಉತ್ತರವಾವುದೆಂದರಿಯಬೇಕು ಅಂತ. ಹೆಣ್ಣು ತಾನೇ ಮೋಹಿಸಿದರೆ ಏನು ಹೇಳ್ತೀರಿ ಅಂತ 12ನೇ ಶತಮಾನದಲ್ಲಿ ಒಬ್ಬ ಹೆಂಗಸು ಕೇಳಿದ್ದಾಳೆ, ನಾವು ಇವತ್ತಿಗೂ ಅದಕ್ಕೆ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಆಮೇಲೆ ಅಕ್ಕ. ಅಕ್ಕ ಬೆತ್ತಲೆ ಹೊರಟಳು ಅಂತ ಎಲ್ಲರೂ ಹೇಳ್ತಾರೆ, ಹೇಳಿ ಭಕ್ತಿ ವೈರಾಗ್ಯ ಅಂತ ಮುಂದೆ ಹೋಗ್ತಾರೆ. ಶರಣರ ಸಂವಾದಗಳನ್ನ ಕಟ್ಟಿಕೊಡೋ ಶೂನ್ಯಸಂಪಾದನೆಯಲ್ಲಿ ಅಲ್ಲಮ ಅವಳನ್ನ ನಿಲ್ಲಿಸಿ ಕೇಳ್ತಾನಲ್ಲ, ಭಾವ ಶುದ್ಧ ಆಗಿದೆ ಅನ್ನೋದಾದ್ರೆ ಸೀರೆ ಬಿಟ್ಟು ಮತ್ತೆ ಕೂದಲು ಯಾಕೆ ಮರೆ ಮಾಡ್ಕೊಂಡೆ ಅಂತ, ಅದಕ್ಕೆ ಅವಳ ಉತ್ತರ ನಿಧಾನವಾಗಿ ಓದಿ. ಹಣ್ಣು ಒಳಗೆ ಪಕ್ವ ಆಗದೆ ಹೊರಗಿನ ಸಿಪ್ಪೆ ಬಣ್ಣ ಬಿಡೋದಿಲ್ಲ ಅಂತ ಶುರು ಮಾಡಿ, ‘ಕಾಮನ ಮುದ್ರೆಯ ಕಂಡು ನಿಮಗೆ ನೋವಾದೀತೆಂದು ಆ ಭಾವದಿಂದ ಮುಚ್ಚಿದೆ’ ಅಂತಾಳೆ. ನಿಮಗೆ ಅಂದಳು ನೋಡಿ. ಮುಚ್ಚಿಕೊಂಡಿದ್ದು ತನಗೆ ನಾಚಿಕೆ ಅಂತ ಅಲ್ಲ, ನೋಡೋ ನಿಮ್ಮ ಕಣ್ಣಿಗೆ ನೋವಾಗುತ್ತೆ ಅಂತ. ಅನುಭವ ಮಂಟಪದಲ್ಲಿ ಅಷ್ಟು ಜನ ಗಂಡಸರ ಮಧ್ಯೆ ನಿಂತು ಆ ಮಾತು. ನಿಮ್ಮ ಮುಂದಿನ ಬೆಂಚಿನ ಹುಡುಗಿ ವೇಲ್ ಸರಿ ಮಾಡ್ಕೊಂಡಿದ್ದೂ ಹಿಂದಿನ ಬೆಂಚಿನ ಕಣ್ಣಿಗಾಗಿ, ಹೌದೋ ಅಲ್ಲವೋ? ಆ ಮಗುವಿನ ಹೆಸರು ಎತ್ತದೆ, ಆ ಕಡೆ ನೋಡದೆ ಈ ವಚನ ಓದಿ, ಅವಳಿಗೆ ಅರ್ಥ ಆಗುತ್ತೆ.

ಸೂಳೆ ಸಂಕವ್ವೆಯದು ಒಂದೇ ಒಂದು ವಚನ ಉಳಿದಿರೋದು. ಅಂಕಿತ ನಿರ್ಲಜ್ಜೇಶ್ವರ. ‘ಒತ್ತೆಯ ಹಿಡಿದು ಮತ್ತೊತ್ತೆಯ ಹಿಡಿಯೆ’ ಅಂತ ಶುರು. ಒತ್ತೆ ಅಂದ್ರೆ ಮುಂಗಡ, ಒಬ್ಬನ ಹತ್ರ ದುಡ್ಡು ತಗೊಂಡ ಮೇಲೆ ಇನ್ನೊಬ್ಬನ ಹತ್ರ ತಗೊಳಲ್ಲ ಅನ್ನೋ ಕಸುಬಿನ ನೇಮ. ದೇಹ ಮಾರಿ ಬದುಕ್ತಿದ್ದವಳು ತನ್ನ ಕಸುಬಿನ ನೇಮವನ್ನೇ ವ್ರತ ಮಾಡ್ಕೊಂಡು ದೇವರಿಗೆ ನಿರ್ಲಜ್ಜೇಶ್ವರ ಅಂತ ಹೆಸರಿಟ್ಟಳು. ಆ ಹೆಸರಿಗೇ ನಾನು ಕೈ ಮುಗೀತೀನಿ.

ವಾರ್ಡ್_ಅಕ್ಕ ಬರೆದದ್ದು:

ನಾನು ಸಾಹಿತ್ಯದವಳಲ್ಲ, ಉಡುಪಿ ಕಡೆ ಹೆರಿಗೆ ವಾರ್ಡಿನಲ್ಲಿ 14 ವರ್ಷದಿಂದ ಸ್ಟಾಫ್ ನರ್ಸ್. ಓದುವ ಹುಚ್ಚು ಉಂಟು, ಹಾಗಾಗಿ ಬರೀತಿದ್ದೇನೆ.

ಆ ಪದದ ಬಗ್ಗೆ ಹೇಳ್ತೇನೆ. ಮೊನ್ನೆ ಒಂದು ಹುಡುಗಿ, ಚೊಚ್ಚಲ ಹೆರಿಗೆ, ಮೂರನೇ ದಿವಸ, ಮಗು ಹಾಲು ಕುಡೀತಾ ಇಲ್ಲ, ಅವಳಿಗೆ ಜ್ವರ ಬೇರೆ. ಎಂತ ಆಗ್ತಾ ಉಂಟು ಅಂತ ಕೇಳಿದ್ರೆ ‘ಸಿಸ್ಟರ್ ಇಲ್ಲಿ ನೋವು’ ಅಂತ ಗಾಳಿಯಲ್ಲಿ ಕೈ ತೋರಿಸ್ತಾಳೆ, ಮುಟ್ಟಿ ತೋರಿಸುವುದೂ ಇಲ್ಲ ಹೆಸರು ಹೇಳುವುದೂ ಇಲ್ಲ. ಡಿಗ್ರಿ ಓದಿದ ಹುಡುಗಿ. ಅವಳ ಅಜ್ಜಿ ಪಕ್ಕದಲ್ಲಿ ಕೂತವರು, ಶಾಲೆಗೆ ಹೋದವರಲ್ಲ, ‘ಮೊಲೆಯಲ್ಲಿ ಹಾಲು ಕಟ್ಟಿದೆ ಮಾರಾಯ್ತಿ, ಕಲ್ಲಿನ ಹಾಗೆ ಆಗಿದೆ, ಸ್ವಲ್ಪ ಬಿಸಿನೀರಿನ ಬಟ್ಟೆ ಇಟ್ಟು ಹಿಂಡಿ ತೆಗೀರಿ’ ಅಂತ ಒಂದೇ ಉಸಿರಿಗೆ ಹೇಳಿದ್ರು. ಅವರ ಬಾಯಲ್ಲಿ ಆ ಪದ ಕೈ ಕಾಲು ಹೇಳಿದ ಹಾಗೆಯೇ ಬಂತು. ಮೊಲೆ ಕುಡಿಸುವುದು, ಮೊಲೆ ಬಿಡಿಸುವುದು, ಹಳಬರು ಹೀಗೆಯೇ ಹೇಳುವುದು. ನಾವು ಆಸ್ಪತ್ರೆ ಗೋಡೆ ಮೇಲೆ ‘ಎದೆಹಾಲು’ ಅಂತ ಬರೆದು ಹಾಕಿದ್ದೇವೆ, ಗಂಡಸಿಗೂ ಎದೆ ಉಂಟಲ್ಲ? ದಾಸಿಮಯ್ಯ ಬರೆದದ್ದು ಆ ಅಜ್ಜಿಯ ಭಾಷೆ. ಪದ ಕೆಟ್ಟದ್ದಾದದ್ದು ಮಧ್ಯೆ ಎಲ್ಲೋ, ನಮ್ಮ ಓದಿನ ಜೊತೆಗೆ.

ನನ್ನ ಕೆಲಸಕ್ಕೆ ತುಂಬ ಹತ್ತಿರದ ಪುಸ್ತಕ ತ್ರಿವೇಣಿಯವರ ಶರಪಂಜರ. ಎಲ್ಲರಿಗೂ 1971ರ ಪುಟ್ಟಣ್ಣನ ಸಿನಿಮಾ, ಕಲ್ಪನಾ, ಅದು ನೆನಪು. ಕಾದಂಬರಿ ಓದಿ. ಹೆರಿಗೆ ಆದಮೇಲೆ ಕಾವೇರಿಯ ಮನಸ್ಸಿನ ಹದ ತಪ್ಪುತ್ತದೆ, ಆಸ್ಪತ್ರೆಯಲ್ಲಿ ವಾಸಿ ಆಗಿ ಮನೆಗೆ ಬರ್ತಾಳೆ, ಆದ್ರೆ ಮನೆಯವರ ಕಣ್ಣಿನಲ್ಲಿ ಅವಳಿಗೆ ವಾಸಿ ಆಗುವುದೇ ಇಲ್ಲ, ಜೋರಾಗಿ ನಕ್ಕರೆ ಒಂದು ಸಂಶಯ, ಸುಮ್ಮನೆ ಕೂತರೆ ಇನ್ನೊಂದು. ಇದನ್ನ ನಮ್ಮ ಕಡೆ ಬಾಣಂತಿ ಸನ್ನಿ ಅಂತಾರೆ, ಈಗಲೂ ಭೂತ ಹಿಡಿದದ್ದು ಅಂತ ಕರ್ಕೊಂಡು ಹೋಗುವವರಿದ್ದಾರೆ. ನಾನು ವಾರ್ಡಿನಲ್ಲಿ ಇಂಥ ಇಬ್ಬರನ್ನ ಹತ್ತಿರದಿಂದ ನೋಡಿದ್ದೇನೆ, ಒಬ್ಬಳು ಮಗುವನ್ನ ನೋಡಿ ಇದು ನನ್ನದಲ್ಲ ಅಂತ ರಾತ್ರಿ ಇಡೀ ಹೇಳ್ತಾ ಇದ್ದಳು. ಅವತ್ತು ಅವಳ ಗಂಡನಿಗೆ ಡಾಕ್ಟರು ಹೇಳಿದ್ದು ತಲೆಗೆ ಹೋಗಲಿಲ್ಲ, ನಾನು ಕಾವೇರಿಯ ಕತೆ ಹೇಳಿದೆ, ಅದು ಹೋಯಿತು. ಹೆಣ್ಣಿನ ದೇಹ ಅಂದ್ರೆ ಬರೇ ಚಂದ ಮತ್ತು ಕಾಮ ಅಲ್ಲ, ಹೊಲಿಗೆ, ರಕ್ತ, ಹಾಲು, ನಿದ್ರೆ ಇಲ್ಲದ್ದು ಇದೆಲ್ಲ ದೇಹ ಅಲ್ವಾ, ಅದನ್ನ ಬರೆದವರು ಕಡಿಮೆ. ತ್ರಿವೇಣಿ ತಾನೇ ಹೆರಿಗೆಯಾದ ಕೆಲವೇ ದಿನಕ್ಕೆ 1963ರಲ್ಲಿ ತೀರಿಹೋದ್ರು, ಮೂವತ್ತೈದು ತುಂಬಿರಲಿಲ್ಲ. ಅದು ಗೊತ್ತಾದ ದಿವಸ ನನಗೆ ಡ್ಯೂಟಿ ಮಾಡ್ಲಿಕ್ಕೆ ಆಗಲಿಲ್ಲ.

ಕಾರಂತರ ಮೂಕಜ್ಜಿಯ ಕನಸುಗಳು ಸಹ ಇಡಿ ನಿಮ್ಮ ಪಟ್ಟಿಯಲ್ಲಿ. ಬಾಲವಿಧವೆ, ಆ ಸುಖ ಕಾಣದ ಅಜ್ಜಿ, ಕಾಮದ ಬಗ್ಗೆ ದೇವರ ಬಗ್ಗೆ ಮೊಮ್ಮಗನ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡ್ತಾಳೆ, ಊರು ಕೆಟ್ಟವಳು ಅಂದ ನಾಗಿಯ ಪರ ನಿಲ್ತಾಳೆ. 1968ರ ಪುಸ್ತಕ. ನಮ್ಮ ವಾರ್ಡಿನ ಆ ಅಜ್ಜಿ ಬಾಯಿ ತೆಗೆದಾಗ ನನಗೆ ಮೂಕಜ್ಜಿಯೇ ಬಂದು ಕೂತ ಹಾಗೆ ಆಯ್ತು. ಮತ್ತೆ ಮುಟ್ಟಿನ ವಿಷಯ ಬಂದ್ರೆ, ಶರಣರು ಪಂಚಸೂತಕ, ಅಂದ್ರೆ ಐದು ಥರದ ಮೈಲಿಗೆ, ಬೇಡ ಅಂದದ್ದರಲ್ಲಿ ಮುಟ್ಟಿನ ರಜಸ್ಸೂತಕವೂ ಉಂಟು, ಅದನ್ನ ಮಕ್ಕಳಿಗೆ ದಯವಿಟ್ಟು ಹೇಳಿ.

ಒಬ್ಬ_ತಂದೆ ಬರೆದದ್ದು:

ನಾನು ಬೇರೆ ಅಭಿಪ್ರಾಯ ಹೇಳ್ತೀನಿ, ಯಾರೂ ತಪ್ಪು ತಿಳೀಬೇಡಿ. ನನ್ನ ಮಗಳು ಸೆಕೆಂಡ್ ಪಿಯುಸಿ. ವಚನದ ಬಗ್ಗೆ ನನಗೆ ಗೌರವ ಇದೆ, ಆದ್ರೆ ಕ್ಲಾಸಲ್ಲಿ ಹುಡುಗರು ನಕ್ಕರೆ ಆ ನಗು ಗೇಟ್ ಹತ್ರ, ಬಸ್ ಸ್ಟ್ಯಾಂಡ್ ಹತ್ರ ಮುಂದುವರಿಯುತ್ತೆ, ಅದನ್ನ ಅನುಭವಿಸೋದು ಹೆಣ್ಣುಮಕ್ಕಳು. ಪದ ಶುದ್ಧ, ಅಜ್ಜಿ ಭಾಷೆ ಎಲ್ಲ ಸರಿ, ಆದ್ರೆ ಮೇಷ್ಟ್ರು ಪಾಠ ಮಾಡಿ ಹೋಗಿಬಿಡ್ತಾರೆ, ಮಗಳು ಅದೇ ಬಸ್ಸಲ್ಲಿ ಬರಬೇಕು. ಇದಕ್ಕೆ ಏನು ಮಾಡ್ತೀರಿ ಅಂತ ಸ್ವಲ್ಪ ಯೋಚನೆ ಮಾಡಿ.

ತುಂಗೆಯ_ದಡ ಬರೆದದ್ದು:

ಸರ್, ನೀವು ಹೇಳಿದ್ದು ಸರಿಯಾಗೇ ಇದೆ, ನನ್ನ ಭಯಾನೂ ಅದೇ. ಆದ್ರೆ ನಾನು ಆ ಪದ ಬಿಟ್ಟರೂ ಬಸ್ಸಲ್ಲಿ ನಗೋರು ನಗ್ತಾರೆ, ಆಗ ಆ ಪದ ಪೂರ್ತಿ ಅವರದ್ದೇ ಆಗಿಹೋಗುತ್ತೆ. ನಾನು ಕ್ಲಾಸಲ್ಲಿ ತಡವರಿಸಿದ್ದರಿಂದಲೇ ನಗು ಜಾಸ್ತಿ ಆಗಿದ್ದು ಅಂತ ಈಗ ಅನ್ನಿಸ್ತಿದೆ. ನಗು ಬಂದಾಗ ಏನು ಮಾಡ್ಬೇಕು ಅಂತ ಮೊದಲೇ ಯೋಚನೆ ಮಾಡ್ಕೊಂಡು ಹೋಗ್ತೀನಿ, ನಿಮ್ಮ ಮಾತು ಮನಸ್ಸಲ್ಲಿ ಇಟ್ಕೊಂಡಿದ್ದೀನಿ.

ತುಂಗಭದ್ರೆ_ಹುಡುಗ ಬರೆದದ್ದು:

ನಾನು ಹೊಸಪೇಟೆಯವನ್ರಿ. ಮೇಲೆ ಎಲ್ರೂ ವಚನದ ಬಗ್ಗೆ ಬರದೀರಿ, ‘ನಡುವೆ ಸುಳಿವ’ ಅನ್ನೋ ಮಾತಿನ ಬಗ್ಗೆ ನಮ್ಮ ಕಡೆಯಿಂದ ಒಂದು ಮಾತು ಹೇಳ್ಬೇಕು.

ನಮ್ಮೂರಿಂದ ಮರಿಯಮ್ಮನಹಳ್ಳಿ ಭಾಳ ದೂರ ಇಲ್ಲ, ಯಲ್ಲಮ್ಮನ ಹೆಸರಿನಾಗ ಹೆಣ್ಣಾಗಿ ಬದುಕೋ ಮಂಜಮ್ಮ ಜೋಗತಿ ಇರೋದು ಅಲ್ಲೇ. 2019ರಾಗ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಾಗ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ್ರಲ್ಲ, ಆ ವಿಡಿಯೋ ಎಲ್ರೂ ನೋಡೀರಿ. ಅವರ ಆತ್ಮಕತೆ ಹೆಸರು ಏನು ಗೊತ್ತೇನ್ರಿ? ‘ನಡುವೆ ಸುಳಿವ ಹೆಣ್ಣು’. ಅವರು ಹೇಳಿದ್ದನ್ನ ಅರುಣ್ ಜೋಳದಕೂಡ್ಲಿಗಿ ಬರಕೊಂಡಾರ. ದಾಸಿಮಯ್ಯ ನಡುವೆ ಸುಳಿವ ಆತ್ಮ ಅಂದ, ಅದು ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂದ. ಮಂಜಮ್ಮನ ಪುಸ್ತಕದಾಗ ಆತ್ಮ ಇದ್ದ ಜಾಗಕ್ಕ ಹೆಣ್ಣು ಬಂದು ಕುಂತಾಳ. ನಡುವ ಸುಳಿಯಾಕಿ ನಾನು, ನಾನು ಹೆಣ್ಣು. ಒಂದು ಪದ ಬದಲಾತು, ಪೂರ್ತಿ ವಚನ ತಿರುಗಿ ನಿಂತು ನಮ್ಮ ಕಡೆ ನೋಡ್ತೈತಿ.

ಇದು ಯಾಕ ದೊಡ್ಡದು ಅಂದ್ರ, ಹುಲಿಗೆಮ್ಮನ ಗುಡಿಯಾಗ ಮುತ್ತು ಕಟ್ಟೋದು, ಅಂದ್ರ ದೇವಿಗೆ ಬಿಟ್ಟು ಜೋಗತಿ ಮಾಡೋದು, ನೀವು ನೋಡಿದ್ರ ಗೊತ್ತಾಗತೈತಿ. ಹುಡುಗನ ಉಡಿದಾರ ಹರೀತಾರ, ಸೀರೆ ಕುಬಸ ಬಳೆ ತೊಡಸ್ತಾರ, ಕೊರಳಾಗ ಮುತ್ತು ಕಟ್ತಾರ. ಗಂಡು ಅನ್ನೋದು ಆ ಒಂದು ದಾರದಾಗ ಇತ್ತು, ಹರಿದ್ರು, ಮುಗೀತು. ಮಂಜುನಾಥ ಅಂತ ಹುಟ್ಟಿದ ಅವರಿಗೆ ಹಿಂಗ ಮುತ್ತು ಕಟ್ಟಿದ ದಿನ ತಾಯಿ ಅತ್ತದ್ದನ್ನ ಅವರ ಬಾಯಾಗ ಕೇಳಿದ್ರ ನಿಮಗೆ ‘ಆತ್ಮಕ್ಕ ಲಿಂಗ ಇಲ್ಲ’ ಅಂತ ಸಲೀಸಾಗಿ ಹೇಳಾಕ ಬಾಯಿ ಬರಂಗಿಲ್ಲ. ಆತ್ಮಕ್ಕ ಇಲ್ಲ ಖರೆ, ಮನಿ ಬಿಟ್ಟು ಹೊರಗ ಹಾಕಿಸಿಕೊಂಡಿದ್ದು ಆತ್ಮ ಅಲ್ರಿ, ದೇಹ. ಬೀದಿಯಾಗ ಚೌಡಿಕೆ ಹಿಡ್ಕೊಂಡು ಹಾಡಿ ಹೊಟ್ಟಿ ತುಂಬಿಸಿಕೊಂಡಿದ್ದು ದೇಹ.

ನಾನು ಸಣ್ಣವಿದ್ದಾಗ ಜಾತ್ರಿಯಾಗ ಜೋಗತಿಯರು ತಲಿ ಮ್ಯಾಲ ಕೊಡ ಹೊತ್ತು ಕುಣಿಯೋದು ನೋಡೀನಿ, ಕೈ ಬಿಟ್ಟು, ಸೊಂಟ ತಿರುಗತಿದ್ರೂ ಕೊಡ ಅಲ್ಲಾಡತಿದ್ದಿಲ್ಲ. ನನ್ನ ಪಕ್ಕ ಕುಂತ ದೊಡ್ಡವರು ಕೆಟ್ಟ ಮಾತು ಆಡಿ ನಗತಿದ್ರು, ಅದೇ ಜನ ಕುಣಿತ ಮುಗದ ಮ್ಯಾಲ ಕಾಲಿಗೆ ಬಿದ್ದು ಭಂಡಾರ ಹಚ್ಚಿಸಿಕೊಂಡ್ರು. ಹತ್ತು ನಿಮಿಷದಾಗ ಎರಡೂ. ಅವತ್ತಿಂದ ನನಗ ಆ ಎರಡು ಹೊಂದಿಸಿಕೊಳ್ಳಾಕ ಆಗಿಲ್ಲ.

ಯಲ್ಲಮ್ಮನ ಕತಿಯಾಗೂ ದೇಹಾನೇ ಐತಿ ನೋಡ್ರಿ. ಪರಶುರಾಮ ತಾಯಿ ತಲಿ ಕಡೀತಾನ, ಮತ್ತ ಜೋಡಿಸುವಾಗ ಮಾತಂಗಿ ತಲಿ ರೇಣುಕಾಗ, ರೇಣುಕಾನ ತಲಿ ಮಾತಂಗಿಗೆ ಅದಲುಬದಲಾತು ಅಂತ ಜನ ಹೇಳ್ತಾರ. ಕಾರ್ನಾಡರ ಹಯವದನ ಓದಿದಾಗ ನನಗ ಮೊದಲು ನೆನಪಾಗಿದ್ದು ಇದು. ಆ ನಾಟಕದಾಗ ಪದ್ಮಿನಿಯ ಗಂಡ ದೇವದತ್ತ, ಅವನ ಗೆಳೆಯ ಕಪಿಲ, ಇಬ್ಬರ ತಲಿ ಅದಲುಬದಲಾಗತಾವ, ಋಷಿ ತೀರ್ಪು ಕೊಡ್ತಾನ, ತಲಿ ಉತ್ತಮಾಂಗ, ತಲಿ ಯಾರದೋ ಗಂಡ ಅವನೇ ಅಂತ. ಆದ್ರ ಕಪಿಲನ ತಲಿ ಕೆಳಗ ಬಂದ ದೇವದತ್ತನ ಮೈ ಪದ್ಮಿನಿಯನ್ನ ಮರೀತೈತೇನು? ಮರೆಯಂಗಿಲ್ಲ. ಮೈಗೂ ನೆನಪು ಐತಿ ಅಂತ ಕಾರ್ನಾಡರು ತೋರಿಸಿದ್ರಲ್ಲ, ಅದು ನಮ್ಮ ಮಂದಿ ಯಲ್ಲಮ್ಮನ ಕತಿಯಾಗ ಮೊದಲೇ ಹಾಡಿಕೊಂಡು ಬಂದಾರ.

ಕಾಫಿ_ತೋಟ ಬರೆದದ್ದು:

ಹೊಸಪೇಟೆ ಅಣ್ಣ, ಎಷ್ಟು ಚೆನ್ನಾಗಿ ಬರೆದ್ರಿ. ನಂದು ಚಿಕ್ಕದು. ಗಂಡಸರು ಬರೆದ ಒಳ್ಳೇ ಪುಸ್ತಕದಲ್ಲೂ ಹೆಣ್ಣಿನ ದೇಹ ಯಾರ ಕೆಲಸಕ್ಕೆ ಬರುತ್ತೆ ಅಂತ ನೋಡಿ. ಅನಂತಮೂರ್ತಿಯವರ ಸಂಸ್ಕಾರ, 1965, ಕಾಡಿನ ಕತ್ತಲಲ್ಲಿ, ಸತ್ತ ನಾರಣಪ್ಪನ ಜೊತೆಗಿದ್ದ ಚಂದ್ರಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಕಾಲು ಹಿಡೀತಾಳೆ, ಹಸಿದವರಿಗೆ ಬಾಳೆಹಣ್ಣು ಕೊಡ್ತಾಳೆ, ಆಮೇಲೆ ಆಗೋದು ಆಗುತ್ತೆ, ಎಷ್ಟು ಅದ್ಭುತವಾಗಿ ಬರೆದಿದ್ದಾರೆ ಅಂದ್ರೆ ನಾನು ಮೂರು ಸಲ ಓದಿದ್ದೀನಿ. ಆದ್ರೆ ಅಲ್ಲಿಂದ ಮುಂದೆ ಕಾದಂಬರಿ ಪೂರ್ತಿ ಆಚಾರ್ಯರ ತಲೆಯೊಳಗೇ ಹೋಗುತ್ತೆ, ಚಂದ್ರಿಯ ಮೈ ಅವರಿಗೆ ಎಚ್ಚರ ಆಗೋಕೆ ಒಂದು ಬಾಗಿಲು ಆಯ್ತು, ಅವಳಿಗೆ ಏನಾಯ್ತು ಅಂತ ಕೇಳೋರು ಕಮ್ಮಿ. ನನಗೆ ಮಾತ್ರ ಉಳ್ಕೊಂಡಿದ್ದು ಅವಳು ಅದೇ ರಾತ್ರಿ ಮಾಡಿದ ಕೆಲಸ, ಇಡೀ ಅಗ್ರಹಾರ ಮುಟ್ಟಲ್ಲ ಅಂತ ಕೂತಿದ್ದ ನಾರಣಪ್ಪನ ಹೆಣವನ್ನ ಮೀನು ವ್ಯಾಪಾರದ ಅಹಮದ್ ಬ್ಯಾರಿಯ ಸಹಾಯದಿಂದ ಸುಡಿಸಿ ಹೊರಟುಹೋದಳು. ಅಷ್ಟೂ ಜನ ಶಾಸ್ತ್ರ ಹುಡುಕ್ತಾ ಇದ್ದಾಗ ಕೊಳೀತಿರೋ ದೇಹವನ್ನ ದೇಹ ಅಂತ ನೋಡಿದ್ದು ಅವಳೊಬ್ಬಳೇ.

ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿಯ ತೀರದಲ್ಲಿ ಇದರ ಪಕ್ಕ ಇಟ್ಟು ಓದಿ, ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದು. ತಲಾಖ್ ಆದ ನಾದಿರಾ ತನ್ನ ಗಂಡನ ಹತ್ರಾನೇ ವಾಪಸ್ ಹೋಗ್ಬೇಕಂದ್ರೆ ಒಂದು ರಾತ್ರಿ ಇನ್ನೊಬ್ಬನ ಹೆಂಡತಿ ಆಗ್ಬೇಕು ಅಂತ ಷರತ್ತು, ಅವಳ ದೇಹದ ಬಗ್ಗೆ ಎಲ್ಲರೂ ತೀರ್ಮಾನ ಮಾಡ್ತಾರೆ ಅವಳೊಬ್ಬಳನ್ನ ಬಿಟ್ಟು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ದೀಪಾ ಭಾಸ್ತಿ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ಮ ಮನೇಲೂ ಎಲ್ಲರೂ ಖುಷಿಪಟ್ಟರು, ಆದ್ರೆ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕತೆ ಓದಿ ಅಂತ ಕೊಟ್ಟಾಗ ನಮ್ಮೆಜಮಾನ್ರು ಅರ್ಧಕ್ಕೆ ಇಟ್ಟು ಎದ್ದು ತೋಟಕ್ಕೆ ಹೋದ್ರು, ರಾತ್ರಿ ವಾಪಸ್ ತಗೊಂಡು ಮುಗಿಸಿದ್ರು. ನಾನು ಏನೂ ಕೇಳ್ಲಿಲ್ಲ.

ಜಯನಗರ_ನಾಲ್ಕು ಬರೆದದ್ದು:

ಇಲ್ಲಿ ಮೊದಲನೇ ಸಲ ಬರೀತಿದ್ದೀನಿ, ಹೆಸರು ಹಾಕಲ್ಲ.

ನಾನು ಗೇ. ಸ್ಕೂಲಲ್ಲಿ ನನಗೆ ಇದ್ದ ಹೆಸರು ಹೆಣ್ಣಿಗ, ಅದು ಬಿಟ್ಟರೆ ನನ್ನನ್ನ ಕರೆಯೋಕೆ ಕನ್ನಡದಲ್ಲಿ ಇನ್ನೊಂದು ಪದ ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ, ಇಂಗ್ಲಿಷಲ್ಲಿ ನಾನು ಒಬ್ಬ ಮನುಷ್ಯ, ಕನ್ನಡದಲ್ಲಿ ಬೈಗುಳ, ಹಂಗಿತ್ತು. ಹತ್ತನೇ ಕ್ಲಾಸಲ್ಲಿ ನಮಗೂ ಮೇಷ್ಟ್ರು ಆತ್ಮಕ್ಕೆ ಹೆಣ್ಣು ಗಂಡು ಇಲ್ಲ ಅಂತ ಪಾಠ ಮಾಡಿದ್ರು, ಪಾಠ ಮುಗಿದು ಬೆಲ್ ಆದ ಮೇಲೆ ಅದೇ ಕಾರಿಡಾರಲ್ಲಿ ಹುಡುಗರು ನನ್ನ ನಡಿಗೆ ಅನುಕರಣೆ ಮಾಡ್ಕೊಂಡು ಹಿಂದೆ ಬಂದ್ರು. ಹಾಗಾಗಿ ಹೊಸಪೇಟೆಯವರು ಬರೆದಿದ್ದು ಓದಿ ಕಣ್ಣು ತುಂಬಿ ಬಂತು. ಆತ್ಮದ ಮಾತು ಹೇಳೋದು ಸುಲಭ, ಆತ್ಮಕ್ಕೆ ನಡಿಗೆ ಇಲ್ಲ ಸೊಂಟ ಇಲ್ಲ ಧ್ವನಿ ಇಲ್ಲ. ನಂಗೆ ಇದೆ.

ವಸುಧೇಂದ್ರ ಅವರ ಮೋಹನಸ್ವಾಮಿ ಬಂದಿದ್ದು 2013, ಅದೇ ವರ್ಷ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಸಲಿಂಗಕಾಮ ಅಪರಾಧ ಅನ್ನೋ ಸೆಕ್ಷನ್ 377 ಮತ್ತೆ ಜಾರಿ ಮಾಡ್ತು, ಅಂದ್ರೆ ಪುಸ್ತಕ ಓದ್ತಾ ಇದ್ದಾಗ ನಾನು ಕಾನೂನು ಪ್ರಕಾರ ಅಪರಾಧಿ. ಪಿಜಿಲಿ ರೂಂಮೇಟ್ ಇದ್ದ, ಪುಸ್ತಕಕ್ಕೆ ಪ್ರಜಾವಾಣಿ ಪೇಪರ್ ಬೈಂಡ್ ಹಾಕಿ ಓದಿದ್ದೆ. ಅದರಲ್ಲಿ ಜೊತೆಲಿದ್ದ ಕಾರ್ತಿಕ್ ಒಂದು ಹುಡುಗಿನ ಮದುವೆ ಆಗ್ತೀನಿ ಅಂತ ಹೊರಟುಹೋಗ್ತಾನೆ. ಆ ನೋವು ಕನ್ನಡದಲ್ಲಿ ಇತ್ತು, ನಮ್ಮಮ್ಮ ಮಾತಾಡೋ ಕನ್ನಡದಲ್ಲಿ, ಅದನ್ನ ಓದೋವರೆಗೂ ನನ್ನ ನೋವಿಗೆ ಕನ್ನಡ ಬರುತ್ತೆ ಅಂತ ನಂಗೆ ಅನ್ನಿಸಿರಲಿಲ್ಲ. ಅದರಲ್ಲಿ ದೇಹ ಇದೆ, ಆಸೆ ಇದೆ, ಮುಟ್ಟೋದು ಇದೆ. ಅದನ್ನ ತೆಗೆದಿದ್ರೆ ಅದು ಅಯ್ಯೋ ಪಾಪ ಅನ್ನೋ ಕತೆ ಆಗ್ತಿತ್ತು, ನಂಗೆ ಅಯ್ಯೋ ಪಾಪ ಬೇಕಿರಲಿಲ್ಲ.

2018ರ ಸೆಪ್ಟೆಂಬರಲ್ಲಿ ಅದು ಅಪರಾಧ ಅಲ್ಲ ಅನ್ನೋ ತೀರ್ಪು ಬಂದ ಮೇಲೆ ಆ ಪುಸ್ತಕ ನಮ್ಮಕ್ಕನಿಗೆ ಕೊಟ್ಟೆ. ಬಾಯಲ್ಲಿ ಹೇಳೋಕೆ ಆಗ್ಲಿಲ್ಲ, ಓದು ಅಂತ ಮಾತ್ರ ಅಂದೆ. ಪೇಪರ್ ಬೈಂಡ್ ತೆಗೆದು ಕೊಟ್ಟೆ. ಎರಡು ದಿನ ಫೋನ್ ಇಲ್ಲ, ನಾನು ಊಟ ಮಾಡ್ಲಿಲ್ಲ. ಮೂರನೇ ದಿನ ಫೋನ್ ಮಾಡಿದಳು, ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದ್ದು, ‘ಕಾರ್ತಿಕ್ ಥರ ನಿನ್ನ ಬಿಟ್ಟು ಹೋದೋರು ಯಾರಾದ್ರೂ ಇದ್ರೇನೋ?’ ಅಂತ. ಹೌದು ಅಕ್ಕ ಅಂದೆ. ಯಾವಾಗ ಅಂದ್ಲು. ಅಷ್ಟೇ, ಆಮೇಲೆ ಒಂದು ಗಂಟೆ ಮಾತಾಡಿದ್ವಿ.

ಮೇಡಂ, ನಿಮ್ಮ ಕ್ಲಾಸಲ್ಲಿ ಅರವತ್ತು ಮಕ್ಕಳು ಇದ್ರೆ ನನ್ನಂಥೋರು ಒಬ್ಬರೋ ಇಬ್ಬರೋ ಇದ್ದೇ ಇರ್ತಾರೆ, ನಗೋ ಬೆಂಚಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ನಗ್ತಿರ್ತಾರೆ, ನಾನೂ ನಗ್ತಿದ್ದೆ. ಅವನು ಕೇಳಿಸ್ಕೊಳ್ತಾನೆ, ನೀವು ಹೇಳಿ.

ತುಂಗೆಯ_ದಡ ಬರೆದದ್ದು:

ಎಲ್ಲರಿಗೂ ಒಬ್ಬೊಬ್ಬರಿಗೆ ಉತ್ತರ ಬರೀಬೇಕು ಅಂತಿದ್ದೆ, ಆಗ್ಲಿಲ್ಲ, ಕ್ಷಮಿಸಿ. ಜಯನಗರದವರೇ, ನಿಮ್ಮ ಕೊನೇ ಸಾಲು ಒಂದು ಚೀಟಿ ಮೇಲೆ ಬರ್ಕೊಂಡು ಅಟೆಂಡೆನ್ಸ್ ಪುಸ್ತಕದೊಳಗೆ ಇಟ್ಕೊಂಡು ಹೋದೆ.

ಸೋಮವಾರ ಕ್ಲಾಸ್ ಆಯ್ತು. ಬೋರ್ಡ್ ಮೇಲೆ ಎಡಕ್ಕೆ ದಾಸಿಮಯ್ಯ ಬಲಕ್ಕೆ ಗೊಗ್ಗವ್ವೆ ಬರೆದೆ. ಓದಿದಾಗ ಮತ್ತೆ ನಗು ಬಂತು, ನಿಲ್ಲಿಸಿ ಯಾರನ್ನೂ ನೋಡದೆ ಮತ್ತೆ ಮೊದಲಿಂದ ಓದಿದೆ, ಅದೇ ವೇಗ ಅದೇ ಧ್ವನಿ. ಆಮೇಲೆ ವಾರ್ಡ್ ಅಕ್ಕನ ಅಜ್ಜಿಯ ಮಾತು ಹೇಳಿದೆ, ನಿಮ್ಮ ಮನೇಲಿ ಅಜ್ಜಿ ಹೇಗೆ ಹೇಳ್ತಾರೆ ಅಂತ ಕೇಳಿದೆ, ತೀರ್ಥಹಳ್ಳಿ ಕಡೆ ಹುಡುಗ ಒಬ್ಬ ಎದ್ದು ನಮ್ಮಜ್ಜಿ ಕರು ಬಗ್ಗೆನೂ ಮೊಲೆ ಕುಡೀತು ಅಂತಾರೆ ಮೇಡಂ ಅಂದ, ಯಾರೂ ನಗಲಿಲ್ಲ. ಮಂಜಮ್ಮನ ಪುಸ್ತಕದ ಹೆಸರು ಬರೆದು ದಾಸಿಮಯ್ಯನ ಸಾಲಿಗೆ ಗೆರೆ ಎಳೆದೆ. ಅಕ್ಕನ ಕೂದಲಿನ ವಚನ ಓದುವಾಗ ಹಿಂದಿನ ಬೆಂಚು ಪೂರ್ತಿ ಸುಮ್ಮನಿತ್ತು.

ಬೆಲ್ ಆಗೋಕೆ ಐದು ನಿಮಿಷ ಇದ್ದಾಗ ಮುಂದಿನ ಬೆಂಚಿನ ಆ ಹುಡುಗಿ ಕೈ ಎತ್ತಿದಳು. ಮೇಡಂ ದಾಸಿಮಯ್ಯ ಗಡ್ಡ ಮೀಸೆ ಅಂದಿದ್ದಾನೆ, ಗೊಗ್ಗವ್ವೆ ಗಡ್ಡ ಬಿಟ್ಟು ಕಾಸೆ ಅಂತ ಯಾಕೆ ಹಾಕಿದ್ದಾಳೆ, ಕಾಸೆ ಅಂದ್ರೆ ಬಟ್ಟೆ ಅಲ್ವಾ, ಅದು ಮೈಯಲ್ಲಿ ಬರೋದಲ್ವಲ್ಲ ಅಂದಳು. ನಾನು ಇಷ್ಟು ವರ್ಷದಲ್ಲಿ ಅದನ್ನ ನೋಡೇ ಇರಲಿಲ್ಲ. ಗೊತ್ತಿಲ್ಲಮ್ಮ, ಕೇಳ್ಕೊಂಡು ಬರ್ತೀನಿ ಅಂದೆ. ಹಳೇ ಅಟ್ಟ ಸರ್, ದಯವಿಟ್ಟು ಹೇಳಿ, ಬುಧವಾರದೊಳಗೆ.

ಹಳೇ_ಅಟ್ಟ ಬರೆದದ್ದು:

ಆ ಮಗುವಿಗೆ ನನ್ನ ಆಶೀರ್ವಾದ ಹೇಳಿ. ನಾನು ಮೂವತ್ತು ವರ್ಷ ಪಾಠ ಮಾಡಿದೆ, ನನ್ನನ್ನ ಯಾರೂ ಇದನ್ನ ಕೇಳಿರಲಿಲ್ಲ.

ಅವಳಿಗೆ ಸತ್ಯಕ್ಕನ ವಚನ ಕೊಡಿ. ನಿಮ್ಮ ಜಿಲ್ಲೆಯವಳೇ, ಶಿಕಾರಿಪುರದ ಹತ್ರ ಹಿರೇಜಂಬೂರು, ಅಂಗಳ ಗುಡಿಸೋ ಕಾಯಕ, ಅಂಕಿತ ಶಂಭುಜಕ್ಕೇಶ್ವರ. ಮೊಲೆ ಮುಡಿ ಇದ್ದುದೇ ಹೆಣ್ಣೆಂದು ಪ್ರಮಾಣಿಸಲಿಲ್ಲ ಅಂತಾಳೆ, ಆಮೇಲೆ ‘ಕಾಸೆ ಮೀಸೆ ಕಠಾರವಿದ್ದುದೇ ಗಂಡೆಂದು ಪ್ರಮಾಣಿಸಲಿಲ್ಲ’ ಅಂತಾಳೆ. ದಾಸಿಮಯ್ಯನಿಗೆ ಗಂಡಿನ ಗುರುತು ಮುಖದ ಮೇಲೆ ಬೆಳೆಯೋದು. ಗೊಗ್ಗವ್ವೆಗೆ ಅರ್ಧ ಬೆಳೆಯೋದು, ಅರ್ಧ ಉಡೋದು. ಸತ್ಯಕ್ಕ ಕಠಾರಿನೂ ಸೇರಿಸಿದಳು. ಕಠಾರಿ ಯಾರಿಗೂ ಹುಟ್ಟುವಾಗ ಬರಲ್ಲ, ಯಾರೋ ಕೊಟ್ಟು ಸೊಂಟಕ್ಕೆ ಸಿಕ್ಕಿಸ್ತಾರೆ, ಗಂಡು ಅಂತಾರೆ. ಇಬ್ಬರು ಹೆಂಗಸರೂ ಇದನ್ನ ನೋಡಿದ್ದು ಹೊರಗಿಂದ, ಅದಕ್ಕೇ ಕಾಣಿಸಿದೆ ಅಂತ ನನ್ನ ಅನಿಸಿಕೆ. ಬುಧವಾರ ಮೂರನ್ನೂ ಬೋರ್ಡ್ ಮೇಲೆ ಒಂದರ ಕೆಳಗೆ ಒಂದು ಬರೀರಿ, ಅರ್ಥ ಹೇಳ್ಬೇಡಿ, ಆ ಹುಡುಗಿ ಕೈಲೇ ಓದಿಸಿ.